ಮೊಟ್ಟೆ ಗಾಡಿಯ ಗಾಳಿ

ಭವ್ಯಕ್ಕನ ಗಾಡಿಗೆ ಎಂಜಿನ್ನಿನ ಸದ್ದಿಲ್ಲ. ಕರೆಂಟಿನಲ್ಲಿ ಓಡುವ ಆ ಪುಟ್ಟ ಬಿಳಿ ಟ್ರಕ್ಕಿನೊಳಗೆ ಕೂತರೆ, ಬೇರೆ ಗಾಡಿಗಳು ನುಂಗಿಬಿಡುವ ಸದ್ದುಗಳೆಲ್ಲ ಕೇಳುತ್ತವೆ. ಟೈರಿನಡಿ ಜಲ್ಲಿ ಸಿಡಿಯುವುದು, ಹಿಂದುಗಡೆ ಮೊಟ್ಟೆಯ ಟ್ರೇಗಳು ಒಂದಕ್ಕೊಂದು ಪಿಸುಗುಡುವುದು, ದಾರಿಬದಿ ಸೊಪ್ಪಿನ ಹೊರೆ ಹೊತ್ತವರು ನಮ್ಮನ್ನು ಕಂಡು ಅರ್ಧಕ್ಕೆ ನಿಲ್ಲಿಸಿದ ಮಾತು. ಅಜ್ಜಿಯ ಕಥೆಯೊಂದರಲ್ಲಿ ಸದ್ದೇ ಇಲ್ಲದೆ ಬೆಟ್ಟ ಇಳಿದು ಬರುವ ಬಿಳಿಯಾನೆ ಇತ್ತು. ಮೊದಲ ದಿನ ಗಾಡಿ ನಮ್ಮ ಅಂಗಳಕ್ಕೆ ಬಂದಾಗ ಅದೇ ಬಂತು ಅನ್ನಿಸಿತು. ಹಾಗಂತ ಭವ್ಯಕ್ಕನಿಗೆ ಹೇಳಿಯೂ ಬಿಟ್ಟೆ.

"ಆನೆಗಾದ್ರೆ ಸೊಪ್ಪು ಹಾಕಿದ್ರೆ ಸಾಕು ಸ್ವಾತಿ. ಇದಕ್ಕೆ ಪ್ಲಗ್ ಹುಡುಕ್ಬೇಕು," ಅಂದಳು ಅವಳು.

ಭವ್ಯಕ್ಕ ನನ್ನ ದೊಡ್ಡಪ್ಪನ ಮಗಳು. ಐದು ವರ್ಷ ಬೇರೆಯವರ ಪಿಕಪ್ ಓಡಿಸಿ, ಈಗ ಸ್ವಂತದ್ದೊಂದು ತಂದಿದ್ದಳು. ಸಾಗರದಲ್ಲಿ ಮೊಟ್ಟೆಯ ಗೋಡೌನ್ ಇಟ್ಟಿರುವ ಪೂರ್ಣೇಶ್ ಅವರ ಮಾಲನ್ನು ಬೆಳಗ್ಗೆ ಏಳಕ್ಕೆ ತುಂಬಿಕೊಂಡು, ಬಟ್ಟೆಮಲ್ಲಪ್ಪದ ಮೇಲೆ ಹೊಸನಗರ, ಅಲ್ಲಿಂದ ರಿಪ್ಪನ್‌ಪೇಟೆ, ಕೋಣಂದೂರು, ಕೊನೆಗೆ ತೀರ್ಥಹಳ್ಳಿಯ ಹಾಸ್ಟೆಲ್ಲುಗಳು. ಹೋಗುವುದೇ ಸುಮಾರು ತೊಂಬತ್ತು ಕಿಲೋಮೀಟರು. ಅಲ್ಲಿ ಗಾಡಿಯನ್ನು ಚಾರ್ಜಿಗೆ ಹಾಕಿ, ಊಟ ಮುಗಿಸಿ ವಾಪಸು. ನಾನು ಪಕ್ಕದಲ್ಲಿ ಕೂತು ಅಂಗಡಿಯವರಿಗೆ ಫೋನು ಮಾಡುವವಳು, ಟ್ರೇ ಇಳಿಸುವವಳು, ಉಳಿದ ಹೊತ್ತಿನಲ್ಲಿ ಕಿಟಕಿಯಾಚೆ ನೋಡುವವಳು.

ಪೂರ್ಣೇಶ್ ಒಂದು ತಿಂಗಳ ಮಟ್ಟಿಗೆ ಒಪ್ಪಿದ್ದರು. ಅಲ್ಲಿಯವರೆಗೆ ಅವರ ಮಾಲು ಒಯ್ಯುತ್ತಿದ್ದವರದ್ದು ಡೀಸೆಲ್ ಗಾಡಿ. "ಎರಡೇ ಮಾತು ನಂದು," ಅಂದಿದ್ದರು. "ಹಾಸ್ಟೆಲ್ ಅಡಿಗೆಯವ್ರು ಒಲೆ ಮೇಲೆ ನೀರಿಟ್ಕೊಂಡು ಕಾಯ್ತಿರ್ತಾರೆ, ಹನ್ನೊಂದೂವರೆಗೆ ಮೊಟ್ಟೆ ಅಲ್ಲಿರ್ಬೇಕು. ಒಡೆದಿದ್ದು ಒಂದು ಟ್ರೇ ದಾಟ್ಬಾರ್ದು. ಇಷ್ಟಾದ್ರೆ ತಿಂಗಳ ಮೇಲೆ ಈ ರೂಟು ನಿಂದೇ."

ಮೂರನೆಯ ವಾರದಲ್ಲಿ ಎರಡು ಮಾತೂ ತಪ್ಪಿದವು.

ಮೊದಲು ಒಡೆದಿದ್ದು ಮೊಟ್ಟೆ. ಹಿಂದಿನ ಟೈರು ಸ್ವಲ್ಪ ಇಳಿದಂತೆ ಕಂಡಿತೆಂದು ದಾರಿಯ ಪಂಕ್ಚರ್ ಅಂಗಡಿಯೊಂದರಲ್ಲಿ ಗಾಳಿ ಹಾಕಿಸಿದೆವು. ಅವರ ಮೀಟರಿನ ಗಾಜು ಒಡೆದು ಮುಳ್ಳು ಒಂದೇ ಕಡೆ ಮಲಗಿತ್ತು. ಟೈರಿಗೆ ಒದ್ದು ನೋಡಿ, "ಕಲ್ಲಾಯ್ತು ನೋಡಿ ಅಕ್ಕಾ," ಅಂತ ಕಳಿಸಿದರು. ನಿಜಕ್ಕೂ ಕಲ್ಲೇ ಆಗಿತ್ತು. ಹೊಂಡ ಸಿಕ್ಕಿದಲ್ಲೆಲ್ಲ ಗಾಡಿ ಕುಪ್ಪಳಿಸಿ, ತೀರ್ಥಹಳ್ಳಿಯಲ್ಲಿ ಹಿಂಬಾಗಿಲು ತೆಗೆದಾಗ ಎರಡೂವರೆ ಟ್ರೇಯಷ್ಟು ಮೊಟ್ಟೆ ಹಳದಿಯಾಗಿ ಹರಿದಿತ್ತು. ಆಮೇಲೆ ದಾರಿಯುದ್ದಕ್ಕೂ ಎಲ್ಲರದ್ದೂ ಒಂದೇ ಬುದ್ಧಿಮಾತು: ಮೊಟ್ಟೆ ಗಾಡಿ ಅಲ್ವಾ, ಗಾಳಿ ಮೆತ್ತಗಿರಲಿ. ಬಸುರಿಯನ್ನು ಕೂರಿಸಿಕೊಂಡು ಹೋಗುವ ಎತ್ತಿನಗಾಡಿಗೆ ಹುಲ್ಲು ಹಾಸುತ್ತಿದ್ದರಲ್ಲ, ಹಾಗೆ. ನನಗೂ ಅದು ಸರಿ ಅನ್ನಿಸಿತು. ನಾಲ್ಕು ಟೈರಿನದ್ದೂ ಗಾಳಿ ಇಳಿಸಿದೆವು.

ಮೊಟ್ಟೆ ಒಡೆಯಲಿಲ್ಲ. ಆದರೆ ಬುಧವಾರ ರಿಪ್ಪನ್‌ಪೇಟೆ ದಾಟುವಷ್ಟರಲ್ಲಿ ಚಾರ್ಜು ಇಪ್ಪತ್ತಾರು ಪರ್ಸೆಂಟಿಗೆ ಬಂದಿತ್ತು. ಕೋಣಂದೂರಿನಲ್ಲಿ ಒಂಬತ್ತು. ಅಲ್ಲಿ ಪರಿಚಯದವರ ಮನೆಯ ಪ್ಲಗ್ಗಿಗೆ ಹಾಕಿಕೊಂಡು ಕೂತು, ಆಮೇಲೆ ಏರಿನಲ್ಲಿ ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕುವಷ್ಟು ನಿಧಾನ ಓಡಿಸಿ, ತೀರ್ಥಹಳ್ಳಿ ಮುಟ್ಟಿದಾಗ ಮಧ್ಯಾಹ್ನ ಎರಡೂಕಾಲು. ಹಾಸ್ಟೆಲ್ಲಿನ ಮಕ್ಕಳು ಮೊಟ್ಟೆಯಿಲ್ಲದೆ ಉಂಡು ಎದ್ದಿದ್ದರು.

ಸಂಜೆ ಪೂರ್ಣೇಶ್ ಫೋನು ಮಾಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನಾಳೆ, ನಾಡಿದ್ದು ಲೋಡಿಲ್ಲ. ಶನಿವಾರ ನಾನೇ ತೀರ್ಥಹಳ್ಳೀಲಿ ನಿಂತಿರ್ತೀನಿ ಭವ್ಯಾ. ಅವತ್ತೂ ಹಿಂಗೇ ಆದ್ರೆ ಹಳೇ ಗಾಡಿಯವ್ನಿಗೆ ಬಾ ಅಂತೀನಿ. ಬೇಜಾರು ಮಾಡ್ಕೋಬೇಡ."

ಫೋನಿಟ್ಟ ಭವ್ಯಕ್ಕ ಅಳುತ್ತಾಳೆ ಅಂದುಕೊಂಡೆ. ಅವಳು ಟಾರ್ಚು ಹಿಡಿದು ಹೋಗಿ ಗಾಡಿಯ ಬಾಗಿಲ ಒಳಬದಿಗೆ ಅಂಟಿಸಿದ್ದ ಚೀಟಿ ಓದಿದಳು. ದಿನಾ ಅದೇ ಬಾಗಿಲು ತೆಗೆದು ಹತ್ತುತ್ತಿದ್ದರೂ ನಾನು ಆ ಚೀಟಿ ನೋಡಿರಲಿಲ್ಲ. ಮಾಲು ತುಂಬಿದಾಗ ಮುಂದಿನ ಟೈರಿಗೆ ನಲವತ್ತು ಪಿಎಸ್‌ಐ ಗಾಳಿ, ಹಿಂದಿನದ್ದಕ್ಕೆ ಐವತ್ತೆರಡು ಇರಬೇಕು ಎಂದಿತ್ತು. ಪಿಕಪ್ ಓಡಿಸುವ ಕಾಲದಿಂದ ಮೂಲೆಯಲ್ಲಿ ಬಿದ್ದಿದ್ದ, ಗಾಳಿ ಅಳೆಯುವ ಕಡ್ಡಿ ಮೀಟರನ್ನು ಹಿಂದಿನ ಟೈರಿಗೆ ಒತ್ತಿದಳು. ಮೂವತ್ತೊಂದು.

"ಬ್ಯಾಟರಿದೇನೂ ತಪ್ಪಿಲ್ಲ ಕಣೇ," ಅಂದಳು, ಅಲ್ಲೇ ಕುಕ್ಕರಗಾಲಲ್ಲಿ ಕೂತು. "ಕೆಸರುಗದ್ದೇಲಿ ಓಡು ಅಂತ ಅದನ್ನ ಬಿಟ್ಟಿದ್ದು ನಾವು. ಮೆತ್ತಗಿನ ಟೈರು ರಸ್ತೆಗೆ ಅಂಟ್ಕೊಂಡು ಕರೆಂಟು ತಿಂದ್ಹಾಕ್ತು."

"ಮತ್ತೆ ಮೊಟ್ಟೆ?"

"ಮೆತ್ತಗೆ ಮಾಡ್ಬೇಕಾಗಿದ್ದು ಮೊಟ್ಟೆ ಅಡಿ. ಗಾಡಿ ಅಡಿ ಅಲ್ಲ. ಕೊಟ್ಟಿಗೇಲಿ ದನಕ್ಕೆ ಹಾಸ್ತಾರಲ್ಲ ರಬ್ಬರ್ ಮ್ಯಾಟು, ಅದನ್ನ ಟ್ರೇ ಅಡಿಗೆ ಹಾಸ್ತೀನಿ."

ಅಷ್ಟು ಹೊತ್ತು ಊರಿಗೆ ಊರೇ ತಪ್ಪು ತಿಳಿದಿದ್ದನ್ನು ಅವಳು ಒಂದು ಚೀಟಿಯ ಮುಂದೆ ಕೂತು ಸರಿಮಾಡಿದ್ದಳು. ಉಳಿದಿದ್ದು ಒಂದೇ ತೊಡಕು. ಟೈರು ಓಡಿ ಬಿಸಿಯಾಗುವ ಮೊದಲೇ ಗಾಳಿ ಅಳೆಯಬೇಕು, ಅಂದರೆ ಹೊರಡುವ ಮುಂಚೆ. ಆ ಹೊತ್ತಿಗೆ ಯಾವ ಪಂಕ್ಚರ್ ಅಂಗಡಿ ತೆಗೆದಿರುತ್ತದೆ? ಗಾಳಿ ಹಾಕುವ ಯಂತ್ರ ಗಾಡಿಯಲ್ಲೇ ಇರಬೇಕು.

ನನ್ನ ಎದೆ ಉಬ್ಬಿತು. ಅಂಥದ್ದೊಂದು ನಮ್ಮಲ್ಲಿ ಆಗಲೇ ಇತ್ತು. ಗಾಡಿಯ ಪೂಜೆಯ ದಿನ ನಾನು ಆನ್‌ಲೈನಿನಲ್ಲಿ ತರಿಸಿ ಕೊಟ್ಟಿದ್ದೆ. ಅಂಗೈಯಗಲದ್ದು, ಕಪ್ಪು ಮೈ, ಒತ್ತಿದರೆ ನೀಲಿ ಬೆಳಕು. ಪೆಟ್ಟಿಗೆಯ ಮೇಲೆ ನೂರೈವತ್ತು ಎಂದು ದೊಡ್ಡದಾಗಿ ಬರೆದಿತ್ತು. ನಮಗೆ ಬೇಕಾದದ್ದು ಐವತ್ತೆರಡು.

ಗುರುವಾರ ಸಂಜೆ ಅಂಗಳದಲ್ಲಿ ಅದನ್ನು ಟೈರಿಗೆ ಸಿಕ್ಕಿಸಿದೆವು. ಜಗಲಿಯ ಮೇಲೆ ಅಜ್ಜಿ ಕೂತಿದ್ದಳು. ಪಕ್ಕದ ಮನೆಯ ಪುಷ್ಪಮ್ಮ ಬೇಲಿಯ ಹತ್ತಿರ ನಿಂತು, "ಏನು ಭವ್ಯಾ, ಗಾಡಿಗೆ ಗಾಳಿ ಸೋಕಿದ್ಯಂತೆ? ತಾಯತ ಕಟ್ಸಿದ್ಯಾ?" ಅಂತ ಕೇಳಿದರು.

"ಸೋಕಿದ್ರೆ ಚೆನ್ನಾಗಿತ್ತು ಪುಷ್ಪಮ್ಮ. ಗಾಳಿ ಇಲ್ದೇ ಇರೋದೇ ತೊಂದ್ರೆ," ಅಂದಳು ಭವ್ಯಕ್ಕ.

ನನ್ನ ನೀಲಿ ಬೆಳಕಿನ ಯಂತ್ರ ಜೇನುಹುಳದಂತೆ ಗುಂಯ್ಗುಟ್ಟಿತು. ಮೂವತ್ತೆರಡು, ಮೂವತ್ಮೂರು. ಕತ್ತಲಾಗುತ್ತ ಬಂತು. ಮೂವತ್ತಾರು. ಗುಂಯ್ಗುಡುವುದು ನಿಧಾನವಾಯಿತು. ಮೂವತ್ತೆಂಟಕ್ಕೆ ಬೆಳಕು ಕೆಂಪಾಗಿ ಪೂರ್ತಿ ನಿಂತಿತು. ಅಜ್ಜಿ ಇಳಿದು ಬಂದು ಮುಟ್ಟಿ ನೋಡಿ ಕೈ ಹಿಂದೆಳೆದುಕೊಂಡಳು.

"ಮೈ ಸುಡ್ತೈತಲ್ಲೇ. ಜ್ವರ ಬಂದ ಕೂಸಿನ ಹಂಗೆ."

"ಇದು ಸ್ಕೂಟರಿಗೆ ಸರಿ," ಅಂದಳು ಭವ್ಯಕ್ಕ, ನನ್ನ ಮುಖ ನೋಡದೆ. ನನಗೆ ನೋವಾಗದಿರಲಿ ಅಂತಲೇ ನೋಡಲಿಲ್ಲ ಅಂತ ನನಗೆ ಗೊತ್ತಾಯಿತು. "ನಾಳೆ ಸಾಗರದಲ್ಲಿ ಶಂಭಣ್ಣನ ಅಂಗಡಿಗೆ ಹೋಗೋಣ."

"ನಾನೂ ಬರ್ತೀನಿ. ಕಣ್ಣಿಗೆ ಬಿಡೋ ಔಷಧಿ ಮುಗಿದೈತೆ," ಅಂದಳು ಅಜ್ಜಿ.

ಅಜ್ಜಿಯ ಹೆಸರು ಹುಲಿಯಮ್ಮ. ನನ್ನನ್ನು ಬೆಳೆಸಿದ್ದು ಅವಳು ಮತ್ತು ಅವಳ ಕಥೆಗಳು. ಅವುಗಳಲ್ಲಿ ಒಂದನ್ನು ಮಾತ್ರ ನಾನು ಚಿಕ್ಕವಳಿದ್ದಾಗ ಸಹಿಸುತ್ತಿರಲಿಲ್ಲ. ರಕ್ಕಸಿಯೊಬ್ಬಳು ಅಣ್ಣನ ಉಸಿರನ್ನು ಕದ್ದು ಏಳು ಹೊಳೆಯಾಚೆ ಬಚ್ಚಿಟ್ಟಿರುತ್ತಾಳೆ. ಅದನ್ನು ಬಿದಿರಿನ ಅಂಡೆಯಲ್ಲಿ ತುಂಬಿಕೊಂಡು ಬರಲು ತಂಗಿ ಹೊರಡುತ್ತಾಳೆ. ಅಷ್ಟು ಚೆಂದದ ಕಥೆ. ಆದರೆ ಒಂದು ಹೊಳೆಯಿಂದ ಇನ್ನೊಂದು ಹೊಳೆಗೆ ಆ ಹುಡುಗಿ ನಡೆಯುವುದು ಮುಗಿಯುವುದೇ ಇಲ್ಲ. ಹೋದ್ಲು, ಹೋದ್ಲು, ಹೋಗಿ ಹೋಗಿ ಹೋದ್ಲು, ಮತ್ತೆ ಹೋದ್ಲು, ಹೋದ್ಲು. "ಎಷ್ಟು ನಡೀತಾಳಜ್ಜಿ ಅವಳು?" ಅಂತ ನಾನು ರೇಗಿದರೆ, "ಡ್ರಮ್ಮು ಖಾಲಿ ಆಗೋವರ್ಗೂ," ಅನ್ನುತ್ತಿದ್ದಳು. ರಕ್ಕಸಿಯ ಮನೆಯಲ್ಲಿ ಯಾವುದೋ ಡ್ರಮ್ಮು ಇರಬೇಕು ಅಂದುಕೊಂಡು ನಾನು ನಿದ್ದೆ ಹೋಗುತ್ತಿದ್ದೆ.

ಶಂಭಣ್ಣನ ಅಂಗಡಿಯಲ್ಲಿ ನೀರಿನ ಪೈಪು, ಔಷಧಿ ಹೊಡೆಯುವ ಪಂಪು, ಹುಲ್ಲು ಕತ್ತರಿಸುವ ಯಂತ್ರ, ಗಾಡಿಯ ಸಾಮಾನು ಎಲ್ಲ ಒಟ್ಟಿಗೆ ತೂಗುತ್ತವೆ. ನಮ್ಮನ್ನು ಕಂಡು ಅವರು ಎದ್ದೇ ನಿಂತರು. ನಮ್ಮನ್ನಲ್ಲ, ಅಜ್ಜಿಯನ್ನು ಕಂಡು.

"ಹುಲಿಯಮ್ಮ ಅಲ್ವಾ? ಬನ್ನಿ, ಕೂತ್ಕಳಿ. ಎಷ್ಟು ವರ್ಷ ಆತು." ಒಳಗಿನ ಬಾಗಿಲ ಕಡೆ ತಿರುಗಿ ಹೆಂಡತಿಯನ್ನು ಕರೆದರು. "ವನಮಾಲಾ, ಯಾರು ಬಂದಿದ್ದು ನೋಡು."

"ಆಸರಿಗೆ ಎಂತ ಮಾಡ್ಲಿ?" ಅಂತ ಒಳಗಿಂದಲೇ ಕೇಳಿತು.

ಕುಡಿಯಲು ಮಜ್ಜಿಗೆ ಬಂತು. ಭವ್ಯಕ್ಕ ಬೇಕಾದ್ದನ್ನು ಹೇಳಿದಳು. ಶಂಭಣ್ಣ ಮೂರು ಪೆಟ್ಟಿಗೆ ಇಳಿಸಿದರು. ಮೊದಲನೆಯದು ನನ್ನ ಯಂತ್ರದ ದೊಡ್ಡಣ್ಣನ ಹಾಗಿತ್ತು. ಚಾರ್ಜು ಮಾಡಿ ಇಟ್ಟುಕೊಳ್ಳುವಂಥದ್ದು, ಹೊಳೆಯುವ ಪರದೆ, ಒಂದು ತುದಿಯಲ್ಲಿ ಟಾರ್ಚು. ಎರಡನೆಯದು ಗಾಡಿಯೊಳಗೆ ಮೊಬೈಲ್ ಚಾರ್ಜಿಗೆ ಹಾಕುವ ತೂತಿಗೆ ಸಿಕ್ಕಿಸುವಂಥದ್ದು. ಮೂರನೆಯದನ್ನು ಅವರು ಎರಡು ಕೈಯಲ್ಲಿ ಎತ್ತಿ ಇಟ್ಟರು. ಬೂದುಬಣ್ಣದ ಕಬ್ಬಿಣದ ಗುಂಡು, ಉದ್ದ ಪೈಪು, ವೈರಿನ ತುದಿಯಲ್ಲಿ ಹಲ್ಲು ಕಿರಿದ ಎರಡು ಕ್ಲಿಪ್ಪು, ಒಂದು ಕೆಂಪು ಒಂದು ಕಪ್ಪು. ಪರದೆಯಿಲ್ಲ, ಮುಳ್ಳಿನ ಮೀಟರು. ಕಪ್ಪೆಯಾಗಿ ಶಾಪಗೊಂಡ ರಾಜಕುಮಾರನ ಹಾಗಿತ್ತು, ಶಾಪ ಇಳಿಯುವ ಲಕ್ಷಣ ಮಾತ್ರ ಕಾಣಲಿಲ್ಲ.

"ಮೂರರ ಮೇಲೂ ನೂರೈವತ್ತು ಅಂತಲೇ ಬರ್ದಿದಾರೆ," ಅಂದರು ಶಂಭಣ್ಣ. "ಅದನ್ನ ನೋಡಿ ಆರಿಸಕ್ಕೆ ಬರಲ್ಲ. ಗಾಡೀನ ಬಾಗಿಲಿಗೆ ತನ್ನಿ, ಹಚ್ಚಿಯೇ ನೋಡಿ."

ಭವ್ಯಕ್ಕ ಮೊದಲು ಎರಡನೆಯದರ ಬೆನ್ನು ತಿರುಗಿಸಿ ಸಣ್ಣ ಅಕ್ಷರ ಓದಿದಳು. ಗಾಡಿಯೊಳಗಿನ ತೂತಿನ ಮುಚ್ಚಳದ ಮೇಲೆ ಬರೆದಿದ್ದನ್ನೂ ಓದಿದಳು. "ಇದು ಹದಿನೈದು ಆಂಪ್ಸ್ ಎಳೆಯತ್ತೆ ಶಂಭಣ್ಣ. ನನ್ ಗಾಡಿ ಈ ತೂತಲ್ಲಿ ಕೊಡೋದು ಹತ್ತೇ. ಫ್ಯೂಸ್ ಹೋಗತ್ತೆ."

"ಎಲ್ಲರೂ ಕಾರಿಗೆ ಹಾಕ್ತಾರೆ."

"ವೈರೂ ಹಿಂದಿನ ಚಕ್ರಕ್ಕೆ ಮುಟ್ಟಲ್ಲ. ಕಾರಿನಷ್ಟು ಗಿಡ್ಡ ಅಲ್ಲ ನಂದು."

ಶಂಭಣ್ಣ ನಕ್ಕು ಆ ಪೆಟ್ಟಿಗೆ ಮುಚ್ಚಿದರು. ಮೊದಲನೆಯದನ್ನು ನಾನೇ ಎತ್ತಿಕೊಂಡು ಬಂದೆ. ನನ್ನ ಮನಸ್ಸು ಅದರ ಮೇಲೇ ಇತ್ತು. ಭವ್ಯಕ್ಕ ಹಿಂದಿನ ಎಡಗಡೆ ಟೈರನ್ನು ಮೂವತ್ತಕ್ಕೆ ಇಳಿಸಿ, ಪೈಪು ಸಿಕ್ಕಿಸಿ, ಐವತ್ತೆರಡು ಎಂದು ಒತ್ತಿದಳು.

ಅಜ್ಜಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಪೈಪಿನ ಮೇಲೆ ಅಂಗೈ ಇಟ್ಟಳು. ಇನ್ನೊಂದು ಕೈ ಮೊಣಕಾಲಿನ ಮೇಲೆ ಹಿಂದೆ ಮುಂದೆ ತೂಗತೊಡಗಿತು. ಆಮೇಲೆ, ಪೇಟೆಯ ನಡುವೆ, ಬಸ್ಸು ಬೈಕುಗಳ ನಡುವೆ, ಕಥೆ ಶುರುಮಾಡಿದಳು.

"ಒಬ್ಬ ಅಣ್ಣ, ಒಬ್ಬಳು ತಂಗಿ. ಅಣ್ಣನ ಉಸಿರು ಹೋಗೈತೆ. ತಂಗಿ ಅಂಡೆ ತಗಂಡು ಹೊರಟ್ಲು. ಹೋದ್ಲು, ಹೋದ್ಲು, ಹೋಗಿ ಹೋಗಿ ಹೋದ್ಲು…"

ನನಗೆ ನಾಚಿಕೆಯಾಗಿ ಸುತ್ತ ನೋಡಿದೆ. ಶಂಭಣ್ಣ ಮಾತ್ರ ಗಲ್ಲಕ್ಕೆ ಕೈಕೊಟ್ಟು ಮಗುವಿನ ಹಾಗೆ ಕೇಳುತ್ತಿದ್ದರು.

"ಇದೇ, ಇದೇ ಕಥೆ," ಅಂದರು ನನ್ನ ಕಡೆ ಬಾಗಿ. "ನಮ್ಮಪ್ಪಯ್ಯನ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡಿಯಕ್ಕೆ ಬರ್ತಿದ್ರು ನಿಮ್ಮಜ್ಜಿ. ಮರ ಹತ್ತಿ ಔಷಧಿ ಬಿಡೋದು ಕೊನೆಗಾರ, ಕೆಳಗೆ ಕೈಪಂಪಿನ ಹಿಡಿ ತೂಗೋದು ಇವ್ರು. ಗಂಡಾಳುಗಳು ಎರಡು ಡ್ರಮ್ಮಿಗೆ ಸೋತು ಕೂರ್ತಿದ್ರು. ಇವ್ರು ಕಥೆ ಹೇಳ್ತಾ ತೂಗ್ತಿದ್ರು. ಏಳು ಹೊಳೆ ದಾಟಿದ್ರೆ ಒಂದು ಡ್ರಮ್ಮು ಔಷಧಿ ಖಾಲಿ. ನಾನು ಶಾಲೆ ತಪ್ಸಿ ಅಲ್ಲೇ ಕೂತ್ಕಂಡು ಕೇಳ್ತಿದ್ದೆ."

ಡ್ರಮ್ಮು ಖಾಲಿ ಆಗೋವರೆಗೂ. ನಾನು ಅಜ್ಜಿಯ ಕೈ ನೋಡಿದೆ. ಹೋದ್ಲು ಅಂದಾಗ ಮುಂದಕ್ಕೆ, ಮತ್ತೆ ಹೋದ್ಲು ಅಂದಾಗ ಹಿಂದಕ್ಕೆ. ಚಿಕ್ಕಂದಿನುದ್ದಕ್ಕೂ ನಾನು ಆ ಹುಡುಗಿಯ ನಡಿಗೆಯನ್ನು ಬೇಸರದಿಂದ ಕೇಳಿದ್ದೆ. ಅದು ನಡಿಗೆಯೇ ಅಲ್ಲ, ಅಜ್ಜಿಯ ತೋಳು. ಎತ್ತರದ ಮರದ ತುದಿಗೆ ಔಷಧಿ ಮುಟ್ಟಿಸಲು ಒಂದು ಸಾವಿರ ಸಲ ಹಿಂದೆ ಮುಂದೆ ತೂಗಿದ ತೋಳು. ಮೈ ಸೋಲದಿರಲಿ ಅಂತ ಅದರೊಳಗೆ ಒಂದು ಹುಡುಗಿಯನ್ನು ಇಟ್ಟು, ಅವಳಿಗೆ ಏಳು ಹೊಳೆ ಕೊಟ್ಟು, ಆ ಕಡೆ ದಡದಲ್ಲಿ ಅಣ್ಣನ ಉಸಿರು ಇಟ್ಟಿದ್ದಳು ನನ್ನಜ್ಜಿ.

"ನಿಧಾನ ಆಯ್ತು ನೋಡು," ಅಂದಳು ಅಜ್ಜಿ ಕಥೆಯ ನಡುವೆಯೇ. ನಾಲ್ಕನೆಯ ಹೊಳೆಯ ಹತ್ತಿರ ಯಂತ್ರದ ಸದ್ದು ದಪ್ಪಗಾಗಿತ್ತು. "ಹುಡುಗಿ ಮುಂದೆ ಹೋದ್ಲು, ಇದು ಹಿಂದೆ ಉಳೀತು. ನನ್ ಕಥೆ ಜೊತೆ ನಡೀತಿಲ್ಲ ಇದು."

ಪರದೆ ನಲವತ್ತಾರು ತೋರಿಸುತ್ತಿತ್ತು. ಐವತ್ತೆರಡು ಮುಟ್ಟಿದಾಗ ತಂಗಿ ಆರನೆಯ ಹೊಳೆ ದಾಟಿ ಆಚೆ ದಡದಲ್ಲಿ ಸೀರೆ ಹಿಂಡುತ್ತಿದ್ದಳು. ಪರದೆಯಲ್ಲಿ ಚಾರ್ಜಿನ ನಾಲ್ಕು ಗೆರೆಯಲ್ಲಿ ಎರಡು ಉಳಿದಿದ್ದವು.

"ಮುಟ್ಟಿತಲ್ಲ ಅಜ್ಜಿ," ಅಂದೆ, ಅದರ ಪರ ವಹಿಸಿ.

"ಒಂದು ಚಕ್ರಕ್ಕೆ. ಇನ್ನು ಮೂರೈತೆ," ಅಂದಳು ಅಜ್ಜಿ.

ಮೂರನೆಯದರ ಸರದಿ ಬಂದಾಗ ಶಂಭಣ್ಣನಿಗೇ ಅನುಮಾನವಾಯಿತು. "ಇದು ಬ್ಯಾಟರಿಗೆ ನೇರ ಕಚ್ಚಿಸೋದು. ನಿಮ್ ಗಾಡಿ ಬ್ಯಾಟರಿ ಅಂದ್ರೆ ಅದು ದೊಡ್ಡದು, ಕೆಳಗೆ ಸೀಲ್ ಮಾಡಿರೋದು. ಅದನ್ನ ಮುಟ್ಟಿದ್ರೆ ಜೀವಕ್ಕೇ ಸಂಚಕಾರ. ಇದು ನಿಮಗೆ ಆಗದಿಲ್ಲ ಅನ್ಸತ್ತೆ."

ಭವ್ಯಕ್ಕ ಪಕ್ಕದ ಸೀಟು ಎತ್ತಿದಳು. ನಾನು ದಿನಾ ಕೂರುವ ಸೀಟು. ಅದರಡಿ ಒಂದು ಮುಚ್ಚಳ, ಮುಚ್ಚಳದಡಿ ಟಿಫಿನ್ ಡಬ್ಬಿಯಷ್ಟು ದೊಡ್ಡ ಕಪ್ಪು ಬ್ಯಾಟರಿ.

"ಓಡಿಸೋದು ಆ ದೊಡ್ಡದು. ಅದಕ್ಕೆ ಕೈ ಹಾಕಲ್ಲ ನಾನು. ಲೈಟು, ಹಾರ್ನು, ವೈಪರ್ ಎಲ್ಲ ಇದರದ್ದು. ಹನ್ನೆರಡು ವೋಲ್ಟು, ಎಲ್ಲಾ ಗಾಡಿ ಥರದ್ದೇ. ಕೀ ಆನ್ ಇಟ್ರೆ ದೊಡ್ಡದು ಇದಕ್ಕೆ ತುಂಬಿಸ್ತಾ ಇರತ್ತೆ, ಇಳಿಯಲ್ಲ. ಗಾಡಿ ಕೊಡೋವಾಗ ಕಂಪನಿಯವ್ರ ಹತ್ರ ಕೇಳಿ ತಿಳ್ಕೊಂಡಿದ್ದೆ."

ನಾನು ಮೂರು ವಾರ ಆ ಬ್ಯಾಟರಿಯ ಮೇಲೆ ಕೂತು ಬಿಳಿಯಾನೆಯ ಕನಸು ಕಂಡಿದ್ದೆ. ಭವ್ಯಕ್ಕನಿಗೆ ಆನೆಯ ಒಂದೊಂದು ಎಲುಬೂ ಗೊತ್ತಿತ್ತು.

ಕೆಂಪು ಕ್ಲಿಪ್ಪು ಮೊದಲು, ಕಪ್ಪು ಆಮೇಲೆ. ಟೈರನ್ನು ಮತ್ತೆ ಮೂವತ್ತಕ್ಕೆ ಇಳಿಸಿ ಗುಂಡಿ ಒತ್ತಿದಳು. ಪೇಟೆಯ ನಾಯಿಯೊಂದು ಎದ್ದು ಹೋಗುವಷ್ಟು ಒರಟು ಸದ್ದು. ಆದರೆ ಆ ಸದ್ದಿಗೊಂದು ಹೆಜ್ಜೆಯಿತ್ತು, ಡಬ ಡಬ ಡಬ. ಅಜ್ಜಿ ಪೈಪಿನ ಮೇಲೆ ಕೈಯಿಟ್ಟು ಮೊದಲಿಂದ ಶುರುಮಾಡಿದಳು. ಒಬ್ಬ ಅಣ್ಣ, ಒಬ್ಬಳು ತಂಗಿ. ಹೋದ್ಲು, ಹೋದ್ಲು. ಮೊದಲ ಹೊಳೆಯಲ್ಲಿ ದೋಣಿಯವನು ಅವಳ ಬಳೆ ಕೇಳಿದ. ಹೋದ್ಲು, ಹೋದ್ಲು. ಎರಡನೆಯ ಹೊಳೆಯಲ್ಲಿ ಮೊಸಳೆ ಅವಳ ನೆರಳು ಕೇಳಿತು. ಡಬ ಡಬ ಎಲ್ಲೂ ನಿಧಾನವಾಗಲಿಲ್ಲ. ಅಜ್ಜಿಯ ಕೈ, ಹುಡುಗಿಯ ಕಾಲು, ಯಂತ್ರದ ಸದ್ದು ಮೂರೂ ಒಟ್ಟಿಗೆ ನಡೆದವು. ಮೂರನೆಯ ಹೊಳೆಯ ದಡಕ್ಕೆ ಬರುವುದರೊಳಗೆ ಭವ್ಯಕ್ಕ, "ಐವತ್ತೆರಡು," ಅಂತ ನಿಲ್ಲಿಸಿದಳು.

ಅಜ್ಜಿ ಅಂಗೈ ಸೆರಗಿಗೆ ಒರೆಸಿಕೊಂಡಳು. "ಕಸುವು ಎರಡಕ್ಕೂ ಐತೆ. ಉಸಿರು ಇದೊಂದಕ್ಕೇ ಇರೋದು."

"ಅಂದ್ರೆ?" ಅಂದೆ.

"ಪಂಪು ಗಟ್ಟಿ ಇದ್ರೆ ಔಷಧಿ ಮರದ ತುದಿ ಮುಟ್ಟತೈತೆ. ಆದ್ರೆ ಕೂದಲೆಳೆಯಷ್ಟು ಹೋದ್ರೆ ಗೊನೆ ನೆನೆಯಲ್ಲ. ಮುಟ್ಟೋದು ಬೇರೆ, ನೆನಸೋದು ಬೇರೆ. ಪೆಟ್ಟಿಗೆ ಮೇಲೆ ಅವ್ರು ಮುಟ್ಟೋದಷ್ಟೇ ಬರ್ದಿರ್ತಾರೆ."

ಶಂಭಣ್ಣ ಪೆಟ್ಟಿಗೆಯ ಬದಿ ತಿರುಗಿಸಿ ಸಣ್ಣ ಅಕ್ಷರ ತೋರಿಸಿದರು. ನಿಮಿಷಕ್ಕೆ ಎಷ್ಟು ಲೀಟರು ಗಾಳಿ ಎಂಬ ಲೆಕ್ಕ. ಕಬ್ಬಿಣದ ಗುಂಡಿನದ್ದು ಹೊಳೆಯುವುದರ ಮೂರು ಪಟ್ಟಿಗೆ ಹತ್ತಿರವಿತ್ತು. "ಇದನ್ನ ಹೇಳಿದ್ರೆ ಯಾರೂ ಕೇಳಲ್ಲ, ಎಲ್ಲರಿಗೂ ಟಾರ್ಚ್ ಬೇಕು," ಅಂದರು.

ಭವ್ಯಕ್ಕ ತನ್ನ ಕಡ್ಡಿ ಮೀಟರು ತಂದು ಟೈರಿಗೆ ಒತ್ತಿದಳು. ಐವತ್ತು. ಶಂಭಣ್ಣನ ಮೀಟರಿನಲ್ಲೂ ಐವತ್ತು. ಮಾರ್ಕರ್ ಪೆನ್ನು ಕೇಳಿ ಗುಂಡಿನ ಬೆನ್ನಿನ ಮೇಲೆ ಬರೆದಳು: ಎರಡು ಹೆಚ್ಚು ತೋರಿಸುತ್ತದೆ. ಅದನ್ನೇ ಕೊಂಡೆವು. ಎತ್ತಿ ತಂದವಳು ನಾನು. ಎರಡು ತೆಂಗಿನಕಾಯಿಗಿಂತ ಭಾರವಿತ್ತು.

ಶನಿವಾರ ಬೆಳಗಿನ ಚಳಿಗೆ ಭವ್ಯಕ್ಕನ ಬಾಯಿಂದ ಹೊಗೆ ಬರುತ್ತಿತ್ತು. ಗೋಡೌನಿನ ಮುಂದೆ ನಾಲ್ಕೂ ಟೈರು ಅಳೆದು, ಮುಂದೆ ನಲವತ್ತು, ಹಿಂದೆ ಐವತ್ತೆರಡು, ಬೆನ್ನಿನ ಬರಹದ ಪ್ರಕಾರ ಎರಡು ಸೇರಿಸಿ ತುಂಬಿದಳು. ದನದ ಮ್ಯಾಟಿನ ಮೇಲೆ ಮುನ್ನೂರು ಟ್ರೇ ಏರಿತು. ಹೊಸನಗರದಲ್ಲಿ ಇಳಿಸಿದಾಗ ಅರವತ್ತೆಂಟು ಪರ್ಸೆಂಟು ಚಾರ್ಜು ಉಳಿದಿತ್ತು. ಬುಧವಾರ ಅದೇ ಅಂಗಡಿಯ ಮುಂದೆ ಐವತ್ತು ಇತ್ತು. ನಾವಿಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ, ಮಾತಾಡಿದರೆ ಇಳಿದುಬಿಡುತ್ತದೇನೋ ಎಂಬ ಹಾಗೆ.

ರಿಪ್ಪನ್‌ಪೇಟೆ ಬಿಟ್ಟು ಸ್ವಲ್ಪ ದೂರಕ್ಕೆ ಭವ್ಯಕ್ಕ ತಲೆ ಓರೆ ಮಾಡಿದಳು.

"ಕೇಳ್ತಾ?"

ನನಗೆ ಏನೂ ಕೇಳಿರಲಿಲ್ಲ.

"ಎಡಗಡೆ ಹಿಂದೆ. ದನಿ ಬದಲಾಯ್ತು."

ಬದಿಗೆ ನಿಲ್ಲಿಸಿ ನೋಡಿದರೆ ಟೈರಿನಲ್ಲಿ ಮೊಳೆ. ಗಾಳಿ ಮೂವತ್ತನಾಲ್ಕಕ್ಕೆ ಇಳಿದಿತ್ತು. ಗಂಟೆ ಹತ್ತೂಕಾಲು. ಪಂಕ್ಚರ್ ಹಾಕಿಸಲು ನಿಂತರೆ ಮಾಲು ಇಳಿಸಿ, ಚಕ್ರ ಬಿಚ್ಚಿ, ಮತ್ತೆ ಬುಧವಾರವೇ ಆಗುತ್ತಿತ್ತು. ನಾನು ಮೊಳೆಗೆ ಕೈ ಹಾಕಿದೆ.

"ಕೀಳಬೇಡ. ಅದೇ ಈಗ ಬಿರಡೆ," ಅಂದಳು ಭವ್ಯಕ್ಕ. "ಟ್ಯೂಬ್ ಇಲ್ಲದ ಟೈರು. ನಿಧಾನಕ್ಕೆ ಹೋಗ್ತಾ ಇದೆ, ನಾವು ಅದಕ್ಕಿಂತ ಜೋರಾಗಿ ತುಂಬಿಸಿದ್ರೆ ಆಯ್ತು. ಸೀಟು ಎತ್ತು."

ಕೆಂಪು ಮೊದಲು, ಕಪ್ಪು ಆಮೇಲೆ. ಡಬ ಡಬ ಡಬ. ಅವಳು ಮುಳ್ಳಿನ ಮೇಲೆ ಕಣ್ಣಿಟ್ಟು ಕೂತಳು. ನನ್ನ ಬಾಯಲ್ಲಿ ತಾನಾಗಿ ಬಂತು: ಒಬ್ಬ ಅಣ್ಣ, ಒಬ್ಬಳು ತಂಗಿ. ಭವ್ಯಕ್ಕ ನಗಲಿಲ್ಲ. ಹೋದ್ಲು, ಹೋದ್ಲು ಅನ್ನುವಲ್ಲಿ ಅವಳೂ ಸೇರಿಕೊಂಡಳು. ಮೊಸಳೆ ನೆರಳು ಕೇಳುವ ಹೊತ್ತಿಗೆ ಟೈರು ತುಂಬಿತ್ತು.

ಕೋಣಂದೂರಿನಲ್ಲಿ ಮತ್ತೊಮ್ಮೆ ನಿಂತೆವು, ಆಗಲೂ ಎರಡನೆಯ ಹೊಳೆ ದಾಟುವಷ್ಟರಲ್ಲಿ ಮುಗಿಯಿತು. ತೀರ್ಥಹಳ್ಳಿಯ ಹಾಸ್ಟೆಲ್ಲಿನ ಗೇಟು ಹೊಕ್ಕಾಗ ಹನ್ನೊಂದೂ ಇಪ್ಪತ್ತೆರಡು, ಚಾರ್ಜು ಹತ್ತೊಂಬತ್ತು.

ಪೂರ್ಣೇಶ್ ಅಡಿಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಗಡಿಯಾರ ನೋಡಿಕೊಂಡರು. ತಾವೇ ಹಿಂಬಾಗಿಲು ತೆಗೆದು, ಬಗ್ಗಿ, ಟ್ರೇಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಒಡೆದ ಮೊಟ್ಟೆ ಏಳು. ಮ್ಯಾಟನ್ನು ಬೆರಳಿನಿಂದ ಒತ್ತಿ ನೋಡಿದರು.

"ಇದು ದನದ್ದಲ್ವಾ?"

"ಹೌದು ಸಾರ್. ಹೊಸದು."

ಆಮೇಲೆ ಅವರ ಕಣ್ಣು ಟೈರಿನ ಮೊಳೆಯ ಮೇಲೆ ಬಿತ್ತು. ಟೈರನ್ನು ನೋಡಿದರು, ಭವ್ಯಕ್ಕನನ್ನು ನೋಡಿದರು, ಸೀಟಿನ ಮೇಲೆ ಕೂತಿದ್ದ ಕಬ್ಬಿಣದ ಗುಂಡನ್ನು ನೋಡಿದರು. "ಇದಿಟ್ಕೊಂಡು ಎಲ್ಲಿಂದ ಬಂದ್ರಿ?"

"ರಿಪ್ಪನ್‌ಪೇಟೆಯಿಂದ."

ಪೂರ್ಣೇಶ್ ಬಗ್ಗಿ ಮೊಳೆಯ ತಲೆಯ ಮೇಲೆ ಬೆರಳಿಟ್ಟರು. "ಹಳೇ ಗಾಡಿಯವ್ನಾಗಿದ್ರೆ ಅಲ್ಲೇ ನಿಲ್ಸಿ ನನಗೆ ಫೋನ್ ಮಾಡ್ತಿದ್ದ," ಅಂದರು. "ತಿಂಗಳು ತುಂಬೋವರ್ಗೂ ಕಾಯೋದೇನೂ ಇಲ್ಲ ಭವ್ಯಾ. ರೂಟು ನಿಂದು. ಸೋಮವಾರದಿಂದ ಐವತ್ತು ಟ್ರೇ ಜಾಸ್ತಿ ತಗೊಂಡ್ಬಾ. ಮೊದ್ಲು ಆ ಮೊಳೆ ಕೀಳ್ಸು ಮಾರಾಯ್ತಿ, ನೋಡಕ್ಕಾಗಲ್ಲ."

ಭವ್ಯಕ್ಕ, "ಆಯ್ತು ಸಾರ್," ಅಂದಳು ಅಷ್ಟೇ. ಆದರೆ ಟ್ರೇ ಇಳಿಸಲು ಹೋದವಳು ಗಾಡಿಯ ಮಗ್ಗುಲನ್ನು ಒಮ್ಮೆ ತಟ್ಟಿದ್ದನ್ನು ನಾನು ನೋಡಿದೆ.

ನಾನು ಅಜ್ಜಿಗೆ ಫೋನು ಹಚ್ಚಿದೆ. ಅವಳು ಮೊಟ್ಟೆ ಕೇಳಲಿಲ್ಲ, ಪೂರ್ಣೇಶರನ್ನೂ ಕೇಳಲಿಲ್ಲ.

"ಎಷ್ಟನೇ ಹೊಳೇಲಿ ನಿಲ್ತು?"

"ಎರಡನೇ ಹೊಳೇಲೇ ಅಜ್ಜಿ. ಎರಡು ಸಲವೂ."

"ಹಂಗಾದ್ರೆ ಅದು ನಂಗಿಂತ ಗಟ್ಟಿ," ಅಂದಳು. ದನಿಯಲ್ಲಿ ಎಳ್ಳಷ್ಟೂ ಹೊಟ್ಟೆಕಿಚ್ಚಿರಲಿಲ್ಲ, ಒಳ್ಳೆಯ ಕೆಲಸಗಾರರೊಬ್ಬರು ಇನ್ನೊಬ್ಬರ ಬಗ್ಗೆ ಹೇಳುವ ಹಾಗಿತ್ತು. "ಪೈಪು ಹೆಂಗಿಟ್ರಿ?"

"ಹೆಂಗೆ ಅಂದ್ರೆ? ಸುತ್ತಿಟ್ವಿ."

"ಬಿಸಿ ಇದ್ದಾಗ್ಲೇ ಸುತ್ತಿದ್ರಾ? ಸೀಳತೈತೆ ಕಣೇ. ಬಿಚ್ಚಿ ಉದ್ದಕ್ಕೆ ಹಾಸಿ, ಆರಲಿ. ನನ್ ಪಂಪಿನ ಪೈಪು ಹನ್ನೊಂದು ವರ್ಷ ಬಂದಿತ್ತು."

ನಾನು ಸೀಟಿನ ಮೇಲಿದ್ದ ಗುಂಡಿನ ಪೈಪು ಬಿಚ್ಚಿದೆ. ಇನ್ನೂ ಬೆಚ್ಚಗಿತ್ತು. ಹಾಸ್ಟೆಲ್ಲಿನ ಕಟ್ಟೆಯ ಮೇಲೆ ನೆರಳಲ್ಲಿ ಅದನ್ನು ಉದ್ದಕ್ಕೆ ಮಲಗಿಸಿ, ಅದರ ಪಕ್ಕದಲ್ಲೇ ಕೂತೆ. ಒಳಗೆ ಮೊಟ್ಟೆ ಬೇಯುವ ವಾಸನೆ ಬರುತ್ತಿತ್ತು. ಭವ್ಯಕ್ಕ ಖಾಲಿ ಟ್ರೇ ಹಿಡಿದು ಬಂದು, "ಏನು ಕಾಯ್ತಿದ್ದೀಯೇ?" ಅಂತ ಕೇಳಿದಳು.

"ಆರಲಿ ಅಂತ," ಅಂದೆ.

ಅವಳೂ ಪಕ್ಕದಲ್ಲಿ ಕೂತಳು. "ಸರಿ, ಆರೋವರ್ಗೂ ಹೇಳು. ಆ ಮೂರನೇ ಹೊಳೇಲಿ ಏನಾಗತ್ತೆ? ನಂಗೆ ಮರ್ತೇ ಹೋಗಿದೆ."